ಗುಡುಗಕ್ಕನ ಎದೆಯ ಸದ್ದು

ನಮ್ಮಕ್ಕನ ಎದೆಯೊಳಗೆ ಗುಡುಗಿತ್ತು. ತಮಾಷೆ ಮಾಡುತ್ತಿಲ್ಲ. ಎಡಮಗ್ಗುಲಿಗೆ ಮಲಗಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು ಹಾಗೇ ಹಿಡಿದುಕೊಳ್ಳಿ ಅಂತ ಹೇಳಿ, ಎಡ ಎದೆಯ ಕೆಳಗೆ ಸ್ಟೆತಸ್ಕೋಪ್ ಇಟ್ಟರೆ ದೂರದಲ್ಲೆಲ್ಲೋ ಗುಡುಗು ಉರುಳಿದ ಹಾಗೆ ಕೇಳುತ್ತಿತ್ತಂತೆ. ಡಾಕ್ಟರ್ ಓದುವ ಹುಡುಗರು ಅದಕ್ಕೇ ಅವಳಿಗೆ ಗುಡುಗಕ್ಕ ಅಂತ ಹೆಸರಿಟ್ಟರು. ಅವಳ ನಿಜವಾದ ಹೆಸರು ಆ ಆಸ್ಪತ್ರೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೂ ಹೇಳುತ್ತಿರಲಿಲ್ಲ. ಗುಡುಗಕ್ಕ ಅನ್ನಿ ಸಾಕು ಅನ್ನುತ್ತಿದ್ದಳು, ಏನೋ ದೊಡ್ಡ ಬಿರುದು ಸಿಕ್ಕವಳ ಹಾಗೆ.

ನಾನು ಅವಳ ತಂಗಿ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಇರಲಿ. ಈ ಕಥೆ ಹೇಳುವಾಗ ಕೋಪ ಬರದಿದ್ದರೆ ಇನ್ನು ಯಾವಾಗ ಬರಬೇಕು?

ನಾವಿಬ್ಬರೂ ಒಂದೇ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆವು. ಕೆಳಗೆ ಬಟ್ಟೆ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೇಲೆ ನಾವು. ನಾನು ಮಿಷನ್ನಿನಲ್ಲಿ ಅಂಗಿ ಹೊಲಿದು ಅವಳ ಕಡೆ ಎಸೆಯುವುದು, ಅವಳು ಕಿಟಕಿ ಪಕ್ಕ ಕೂತು ಕೈಯಲ್ಲಿ ಕಾಜಾ ಹಾಕಿ ಗುಂಡಿ ಕೂರಿಸುವುದು. ಗುಂಡಿ ತೂರುವ ಸೀಳಿನ ಸುತ್ತ ದಾರ ಸುತ್ತಿ ಗಟ್ಟಿ ಮಾಡುವ ಆ ಕೆಲಸದಲ್ಲಿ ಅವಳನ್ನು ಮೀರಿಸಿದವರು ಇರಲಿಲ್ಲ. ಕೈ ಓಡುತ್ತಿತ್ತು, ಜೊತೆಗೆ ಬಾಯಿಯೂ ಓಡುತ್ತಿತ್ತು. ಬೆಳಿಗ್ಗೆ ಶುರುವಾದ ಮಾತು ದೀಪ ಹಚ್ಚುವ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಸಾಕು ಮಾರಾಯ್ತಿ, ಸ್ವಲ್ಪ ಉಸಿರಾಡು ಅಂತ ನಾನು ಗದರುತ್ತಿದ್ದೆ.

ಚಿಕ್ಕವಳಿದ್ದಾಗ ಅವಳಿಗೆ ಗಂಟಲು ನೋವು ಬಂತು. ಹಿಂದೆಯೇ ಜ್ವರ, ಆಮೇಲೆ ಮಂಡಿ, ಮೊಣಕೈಗಳ ಬಾವು. ಬಾವು ಇಳಿಯಿತು, ಜ್ವರವೂ ಬಿಟ್ಟಿತು. ಅಮ್ಮ ಉಸ್ಸಪ್ಪಾ ಅಂದಳು. ಆದರೆ ಆ ಜ್ವರ ಹೋಗುವಾಗ ಸುಮ್ಮನೆ ಹೋಗಿರಲಿಲ್ಲ, ಹೃದಯದೊಳಗಿನ ಒಂದು ಬಾಗಿಲನ್ನು ಕೆಡಿಸಿಟ್ಟು ಹೋಗಿತ್ತು. ಅದು ಗೊತ್ತಾಗಿದ್ದು ಅವಳ ಮದುವೆಯಾದ ಎಷ್ಟೋ ಕಾಲದ ಮೇಲೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ ಅಂತ ಆಸ್ಪತ್ರೆಗೆ ಹೋದಾಗ. ಅಲ್ಲಿನ ದೊಡ್ಡ ಡಾಕ್ಟರ್ ಅವಳ ಎದೆ ಕೇಳಿ, ಇನ್ನೊಂದು ಸಲ ಕೇಳಿ, ಪಕ್ಕದಲ್ಲಿದ್ದ ಹುಡುಗರನ್ನೆಲ್ಲ ಕರೆದರಂತೆ. "ಬನ್ನಿ ಇಲ್ಲಿ. ಪುಸ್ತಕದಲ್ಲಿ ಓದಿದ್ರಲ್ಲ, ಅದು ಇದೇ. ಇಷ್ಟು ಸ್ಪಷ್ಟವಾಗಿ ಮತ್ತೆ ಸಿಗಲ್ಲ."

ಅವತ್ತಿಂದ ಅಕ್ಕ ಪರೀಕ್ಷೆಯ ಕೇಸ್ ಆದಳು. ಡಾಕ್ಟರ್ ಪರೀಕ್ಷೆ ಬಂತೆಂದರೆ ಇವಳಿಗೆ ಕರೆ ಬರುತ್ತಿತ್ತು. ಒಳ್ಳೆ ಬಟ್ಟೆ ಉಟ್ಟು, ತಲೆ ಬಾಚಿ, ಮದುವೆ ಮನೆಗೆ ಹೊರಟವಳ ಹಾಗೆ ಹೊರಡುತ್ತಿದ್ದಳು. ಹೋಗಿ ಹಾಸಿಗೆ ಮೇಲೆ ಮಲಗುವುದು. ಹುಡುಗರು ಒಬ್ಬೊಬ್ಬರಾಗಿ ಬಂದು ಎದೆ ಕೇಳಿ, ಕಾಯಿಲೆ ಏನು ಅಂತ ಪರೀಕ್ಷಕರಿಗೆ ಹೇಳುವುದು. ಇವಳು ಬಾಯಿ ಬಿಡಬಾರದು, ಅದು ನಿಯಮ. ಬಾಯಿ ಬಿಡದೆ ಇರುವುದು ಇವಳಿಗೆ ಸಾಧ್ಯವೇ? ಯಾರಾದರೂ ಬೆವರಿಳಿಸಿಕೊಂಡು ತಪ್ಪು ಜಾಗದಲ್ಲಿ ಹುಡುಕುತ್ತಿದ್ದರೆ ಮೆಲ್ಲಗೆ ಕೆಮ್ಮಿ, ಅವರ ಕೈಯನ್ನು ಸ್ವಲ್ಪ ಕೆಳಗೆ ತಳ್ಳಿಬಿಡುತ್ತಿದ್ದಳು. ಎಷ್ಟು ಜನರ ಹಣೆಬರಹ ತಿದ್ದಿದಳೋ!

ಬಸ್ ಓಡಿಸುವ ನಮ್ಮ ಭಾವ ನಗಿಸುವ ಮನುಷ್ಯ. "ನನ್ನ ಹೆಂಡತಿ ಹೃದಯದ ಮಾತು ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ" ಅನ್ನುತ್ತಿದ್ದರು. ಅಕ್ಕ ಬಿಡುತ್ತಿದ್ದಳೇ? "ನೀವು ಕೇಳಿದ್ರೆ ತಾನೆ. ಊಟ ಆದ ತಕ್ಷಣ ಗೊರಕೆ!"

ಪರೀಕ್ಷೆ ಮುಗಿಸಿ ಬಂದ ಮೇಲೆ ನನಗೆ ಪಾಠ. ಹುಡುಗರು ಪರೀಕ್ಷಕರ ಮುಂದೆ ಒಪ್ಪಿಸಿದ್ದನ್ನೆಲ್ಲ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಮುಷ್ಟಿ ಕಟ್ಟಿ ಎದೆಯ ನಡುವೆ, ಸ್ವಲ್ಪ ಎಡಕ್ಕೆ ಇಟ್ಟುಕೊಳ್ಳುತ್ತಿದ್ದಳು.

"ಇಷ್ಟೇ ಕಣೆ ಇರೋದು, ನಮ್ಮ ನಮ್ಮ ಮುಷ್ಟಿಯಷ್ಟು. ಎರಡು ಶ್ವಾಸಕೋಶದ ಮಧ್ಯೆ ಕೂತಿರುತ್ತೆ. ಒಳಗೆ ನಾಲ್ಕು ಕೋಣೆ. ಮೇಲೆರಡು, ಕೆಳಗೆರಡು. ಬಲಗಡೆಗೂ ಎಡಗಡೆಗೂ ನಡುವೆ ಗೋಡೆ, ಅಲ್ಲಿಂದಿಲ್ಲಿಗೆ ಹೋಗೋ ಹಾಗಿಲ್ಲ."

"ಮತ್ತೆ ರಕ್ತ ಹೇಗೆ ಹೋಗುತ್ತೆ?"

"ಸುತ್ತು ಹಾಕ್ಕೊಂಡು. ಮೈಯೆಲ್ಲ ಓಡಾಡಿ ಸುಸ್ತಾದ ರಕ್ತ ಮೊದಲು ಬಲಗಡೆ ಮೇಲಿನ ಕೋಣೆಗೆ ಬರುತ್ತೆ. ಅಲ್ಲಿಂದ ಕೆಳಗಿನ ಕೋಣೆಗೆ. ಕೆಳಗಿನದು ಹಿಂಡಿದ್ರೆ ಶ್ವಾಸಕೋಶಕ್ಕೆ. ಅಲ್ಲಿ ಗಾಳಿ ತುಂಬಿಕೊಂಡು ಕೆಂಪಗಾಗಿ ಎಡಗಡೆ ಮೇಲಿನ ಕೋಣೆಗೆ ವಾಪಸ್. ಅದು ಕೆಳಗಿಳಿದ್ರೆ ಎಡಗಡೆ ಕೆಳಗಿನ ಕೋಣೆ. ಅದೇ ಗಟ್ಟಿಗ. ಅದರ ಗೋಡೆ ಎಲ್ಲಕ್ಕಿಂತ ದಪ್ಪ, ಯಾಕೆಂದ್ರೆ ತಲೆಯಿಂದ ಕಾಲಿನ ಬೆರಳಿನ ತನಕ ಅದೊಂದೇ ತಳ್ಳಬೇಕು."

"ತಳ್ಳಿದಾಗ ಹಿಂದಕ್ಕೆ ಬರಲ್ವಾ?"

"ಅದಕ್ಕೇ ಬಾಗಿಲು ಇರೋದು. ಒಂದೇ ಕಡೆಗೆ ತೆರೆಯೋ ಬಾಗಿಲು. ಮೇಲಿನ ಕೋಣೆಗೂ ಕೆಳಗಿನದಕ್ಕೂ ಮಧ್ಯೆ ಒಂದೊಂದು, ಕೆಳಗಿನ ಕೋಣೆಯಿಂದ ಹೊರಗೆ ಹೋಗೋಕೆ ಒಂದೊಂದು. ಲಬ್ ಡಬ್ ಅನ್ನುತ್ತಲ್ಲ, ಅದು ಬಾಗಿಲು ಮುಚ್ಚೋ ಸದ್ದು. ತೆರೆಯುವಾಗ ಸದ್ದಿರಬಾರದು. ನನ್ನ ಎಡಗಡೆ ಬಾಗಿಲು ಮಾತ್ರ..." ಅಂತ ಕೈಲಿದ್ದ ಅಂಗಿಯ ಕಾಜಾ ತೋರಿಸುತ್ತಿದ್ದಳು. "ಇಷ್ಟಾಗಿ ಹೋಗಿದೆ. ಅಂಚು ಗಟ್ಟಿಯಾಗಿ, ಮೂಲೆ ಅಂಟಿಕೊಂಡು, ಬರೀ ಸೀಳು ಉಳಿದಿದೆ. ರಕ್ತ ಅದರಲ್ಲಿ ನುಗ್ಗಿ ಹೋಗುವಾಗ ಆಗೋ ಸದ್ದೇ ಗುಡುಗು."

ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ. ನಾನು ಮಾತ್ರ ಆ ಕಾಜಾವನ್ನೇ ದಿಟ್ಟಿಸುತ್ತಿದ್ದೆ. ಗುಂಡಿಯೇ ಕಷ್ಟಪಟ್ಟು ತೂರುವ ಆ ಸೀಳಿನಲ್ಲಿ ಒಂದು ಜೀವದ ರಕ್ತವೆಲ್ಲ ಹೋಗಬೇಕಲ್ಲ ಅಂತ.

ದೊಡ್ಡ ಡಾಕ್ಟರ್ ಮೊದಲೇ ಹೇಳಿದ್ದರು. "ಅಮ್ಮ, ಇದು ಹೀಗೇ ಇರಲ್ಲ. ವರ್ಷ ಹೋದ ಹಾಗೆ ಇನ್ನೂ ಕಿರಿದಾಗುತ್ತೆ. ಒಂದು ದಿನ ಈ ಬಾಗಿಲನ್ನ ತೆರೆಸಲೇಬೇಕು. ತೊಡೆಯ ನರದಿಂದ ಸಣ್ಣ ಕೊಳವೆ ಕಳಿಸಿ, ತುದಿಯಲ್ಲಿ ಬಲೂನ್ ಉಬ್ಬಿಸಿ ಅಗಲ ಮಾಡ್ತೀವಿ. ಬಾಗಿಲು ತೆರೆದರೆ ಈ ಸದ್ದೂ ಹೋಗುತ್ತೆ." ಆಮೇಲೊಮ್ಮೆ, ಈಗ ಸಮಯ ಬಂದಿದೆ, ತಡ ಮಾಡಬೇಡಿ ಅಂತಲೂ ಹೇಳಿದರು. ಇವಳು ಹೂಂ ಹೂಂ ಅಂದು ಮನೆಗೆ ಬಂದಳು. ಈ ಪರೀಕ್ಷೆ ಒಂದು ಮುಗೀಲಿ ಅಂದಳು. ಅದು ಮುಗಿದ ಮೇಲೆ ಮುಂದಿನದು ಅಂದಳು. ನಾನು ಜಗಳ ಆಡಿದರೆ, "ಸದ್ದು ಹೋದ್ರೆ ನನ್ನ ಯಾರು ಕರೀತಾರೆ ಹೇಳು? ಈ ಕಾಜಾ ಹಾಕೋಳನ್ನ?" ಅಂದಳು. ನನಗೆ ಎತ್ತಿ ಬಡಿಯುವಷ್ಟು ಸಿಟ್ಟು ಬಂತು. ಬಾಗಿಲು ಮುಚ್ಚಿಹೋದರೆ ಎದೆ ನಿಲ್ಲುತ್ತೆ ಅಂತ ತಾನೇ ಪಾಠ ಹೇಳುವವಳು, ತನ್ನ ವಿಷಯಕ್ಕೆ ಬಂದರೆ ಮಗು!

ಅದಾದ ಮುಂದಿನ ಪರೀಕ್ಷೆಗೆ ನಾನೂ ಜೊತೆಗೆ ಹೋಗಿದ್ದೆ. ಯಾಕೆಂದರೆ ಅವಳು ಮೆಟ್ಟಿಲಿನ ಅರ್ಧದಲ್ಲೇ ನಿಲ್ಲತೊಡಗಿದ್ದಳು. ದೊಡ್ಡ ಡಾಕ್ಟರ್ ಆ ಸಲ ಬೇರೆ ಊರಿಗೆ ಪರೀಕ್ಷಕರಾಗಿ ಹೋಗಿದ್ದರು. ಕೇಸುಗಳನ್ನು ಆರಿಸಲು ಒಬ್ಬ ಚಿಕ್ಕ ಡಾಕ್ಟರ್ ಇದ್ದ. ನಾನು ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತೆ. ಬಾಗಿಲು ಅರ್ಧ ತೆರೆದಿತ್ತು. ಆತ ಅವಳ ಎದೆ ಕೇಳಿದ, ಮಗ್ಗುಲಾಗಿಸಿ ಕೇಳಿದ, ಸ್ಟೆತಸ್ಕೋಪನ್ನು ತಟ್ಟಿ ನೋಡಿ ಮತ್ತೆ ಕೇಳಿದ. ಹೊರಗೆ ಇನ್ನೂ ಉದ್ದ ಸಾಲಿತ್ತು.

"ಸದ್ದು ಸಿಗ್ತಿಲ್ಲ. ಈ ಸಲ ನೀವು ಬೇಡ ಅಮ್ಮ. ಹೊರರೋಗಿ ವಿಭಾಗದಲ್ಲಿ ಒಂದು ಸಲ ತೋರಿಸ್ಕೊಂಡು ಹೋಗಿ" ಅಂದು ಮುಂದಿನವರನ್ನು ಕರೆದ.

ಅಕ್ಕ ಹೊರಗೆ ಬಂದಳು. ಸಪ್ಪೆ ಮುಖ ಮಾಡಿಕೊಂಡು ಬರುತ್ತಾಳೆ ಅಂದುಕೊಂಡಿದ್ದೆ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಸದ್ದು ಹೋಗಿದೆ ಕಣೆ. ಬಾಗಿಲು ತೆರೆದುಕೊಂಡಿದೆ!"

"ಯಾರು ಹೇಳಿದ್ದು?"

"ಯಾರು ಹೇಳಬೇಕು? ಬಾಗಿಲು ತೆರೆದರೆ ಸದ್ದು ಹೋಗುತ್ತೆ ಅಂತ ದೊಡ್ಡ ಡಾಕ್ಟರೇ ಹೇಳಿಲ್ವಾ? ಇಷ್ಟು ವರ್ಷ ಮಾತ್ರೆ ನುಂಗಿದ್ದು ದಂಡಕ್ಕಾ?"

ಹೊರರೋಗಿ ವಿಭಾಗಕ್ಕೆ ಹೋಗೋಣ ಬಾ ಅಂದೆ. ಅಲ್ಲಿ ಜನವೋ ಜನ. ವಾಸಿಯಾದವಳು ಯಾಕೆ ಸಾಲಲ್ಲಿ ನಿಲ್ಲಬೇಕು ಅಂತ ನನ್ನನ್ನೇ ಎಳೆದುಕೊಂಡು ಬಂದಳು. ಭಾವ ಸಿಹಿ ತಂದರು. ಅಕ್ಕಪಕ್ಕದವರು ಬಂದು ಹಾರೈಸಿದರು. ಎಲ್ಲರೂ ಅವಳ ಕೆನ್ನೆ ನೋಡಿ, ಹೇಗೆ ಕೆಂಪಗಾಗಿದ್ದಾಳೆ, ಆರೋಗ್ಯ ಅಂದರೆ ಇದು ಅಂದರು. ನಿಜ, ಕೆನ್ನೆ ಕೆಂಪಾಗಿತ್ತು. ಆದರೆ ಆ ಕೆಂಪಿನೊಳಗೆ ಒಂದು ನೀಲಿ ಇತ್ತು. ಬಟ್ಟೆಯ ಬಣ್ಣ ನೋಡಿಯೇ ಬದುಕುವವಳು ನಾನು. ಆ ಬಣ್ಣ ನನಗೆ ಹಿಡಿಸಲಿಲ್ಲ. ಹಾಗಂತ ಹೇಳಿದೆ ಕೂಡ. ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ವಲ್ಲ ಅಂತ ಭಾವನಿಂದ ಹಿಡಿದು ಅಮ್ಮನವರೆಗೆ ಎಲ್ಲರೂ ನನ್ನ ಮೇಲೆ ಹರಿಹಾಯ್ದರು.

ಆಮೇಲಿನ ದಿನಗಳಲ್ಲಿ ಅವಳು ಮಲಗುವುದನ್ನು ಬಿಟ್ಟಳು. ಎರಡು ದಿಂಬು, ಆಮೇಲೆ ಮೂರು, ಕೊನೆಗೆ ಗೋಡೆಗೆ ಒರಗಿ ಕೂತೇ ನಿದ್ದೆ. ಶೀತ ಆಗಿದೆ ಅಂದಳು. ಕೆಮ್ಮಿದರೆ ಬಿಳಿ ಬಟ್ಟೆಯ ಮೇಲೆ ತೆಳು ಗುಲಾಬಿ ಕಲೆ. ಹಲ್ಲಿನ ವಸಡು ಅಂದಳು. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತುಹೋಗುತ್ತಿತ್ತು. ದಿನವಿಡೀ ಕೂತರೆ ಇನ್ನೇನಾಗುತ್ತೆ ಅಂದಳು. ಏನು ಕೇಳಿದರೂ ಉತ್ತರ ಸಿದ್ಧ. ಮಾತು ಮಾತ್ರ ಕಡಿಮೆಯಾಯಿತು. ಒಂದು ವಾಕ್ಯ ಹೇಳಿ ನಿಲ್ಲಿಸಿ, ಉಸಿರು ತೆಗೆದುಕೊಂಡು, ಉಳಿದದ್ದು ಹೇಳುತ್ತಿದ್ದಳು. ಆಮೇಲೆ ಉಳಿದದ್ದನ್ನು ಹೇಳುವುದನ್ನೇ ಬಿಟ್ಟಳು. ಹೊಲಿಗೆ ಕೋಣೆಯಲ್ಲಿ ನನ್ನ ಮಿಷನ್ನಿನ ಸದ್ದೊಂದೇ ಕೇಳುತ್ತಿತ್ತು. ನಾನು ಮಿಷನ್ ನಿಲ್ಲಿಸಲು ಹೆದರುತ್ತಿದ್ದೆ.

ಒಂದು ಮಧ್ಯಾಹ್ನ ಅವಳ ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಓಡುತ್ತಿತ್ತು, ತಡೆಯುತ್ತಿತ್ತು, ಎರಡು ಬಡಿದು ಮಾಯವಾಗುತ್ತಿತ್ತು. ಯಾವ ಲೆಕ್ಕಕ್ಕೂ ಸಿಗದ ಬಡಿತ.

"ಆಸ್ಪತ್ರೆಗೆ ನಡಿ."

"ನನಗೇನಾಗಿದೆ?"

"ಕಾಲು ನೋಡ್ಕೋ! ಕನ್ನಡಿ ನೋಡ್ಕೋ!"

"ಸದ್ದು ಹೋಗಿದೆ ಅಂತ ಡಾಕ್ಟರೇ... ಹೇಳಿದ ಮೇಲೆ... ನೀನು ಯಾವ ಊರ ಡಾಕ್ಟರ್ರೇ?"

ಜಗಳ ಆಡಿ ಪ್ರಯೋಜನವಿಲ್ಲ ಅಂತ ಗೊತ್ತಾಯಿತು. ಮಾರನೇ ದಿನ ಬೆಳಿಗ್ಗೆ ಒಂದು ಸುಳ್ಳು ಹೇಳಿದೆ. ಪರೀಕ್ಷೆಗೆ ದೊಡ್ಡ ಡಾಕ್ಟರ್ ಕರೆದಿದ್ದಾರೆ, ವಾಸಿಯಾದವರನ್ನೂ ಹುಡುಗರಿಗೆ ತೋರಿಸಬೇಕಂತೆ ಅಂದೆ. ಅವಳ ಮುಖ ಅರಳಿತು ನೋಡಿ, ಅಯ್ಯೋ! ಒಳ್ಳೆ ಬಟ್ಟೆ ತೆಗೆಸಿದಳು. ತಲೆ ಬಾಚಲು ಕೈ ಎತ್ತಲಾಗದೆ ನನ್ನ ಕೈಗೆ ಬಾಚಣಿಗೆ ಕೊಟ್ಟಳು. ಭಾವ ಅವತ್ತು ರಜೆ ಹಾಕಿ ಜೊತೆಗೆ ಬಂದರು.

ದೊಡ್ಡ ಡಾಕ್ಟರ್ ಅವಳು ಬಾಗಿಲಲ್ಲಿ ನಿಂತಿದ್ದು ನೋಡಿಯೇ ಎದ್ದುಬಿಟ್ಟರು. ಕೂರಿಸಿದರು, ಕತ್ತಿನ ನರ ನೋಡಿದರು, ಕಾಲಿನ ಊತ ಒತ್ತಿ ನೋಡಿದರು. ಎದೆ ಕೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಇನ್ನೊಂದು ಕೋಣೆಗೆ ಕರೆದುಕೊಂಡು ಹೋಗಿ, ಎದೆಗೆ ಜೆಲ್ಲಿ ಹಚ್ಚಿ, ಯಂತ್ರ ಒತ್ತಿ ಪರದೆಯ ಮೇಲೆ ನೋಡಿದರು.

"ಸದ್ದು ಹೋಗಿ ಎಷ್ಟು ದಿನ ಆಯ್ತು?"

"ಹೋದ ಪರೀಕ್ಷೆಯಲ್ಲೇ ಇರಲಿಲ್ಲ ಸಾರ್" ಅಂದರು ಭಾವ, ಇನ್ನೂ ನಗುಮುಖದಲ್ಲೇ. "ವಾಸಿಯಾಯ್ತು ಅಂತ ಸಿಹಿ ಹಂಚಿದ್ವಿ."

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಲ್ಲಿಯಲ್ಲಿ ನೀರು ಜೋರಾಗಿ ಬಂದರೆ ತಾನೆ ಸದ್ದು? ನೀರೇ ಕಡಿಮೆಯಾದ್ರೆ ನಲ್ಲಿ ಸುಮ್ಮನಾಗುತ್ತೆ. ಇವರ ಬಾಗಿಲು ತೆರೆದಿಲ್ಲ, ಇನ್ನಷ್ಟು ಮುಚ್ಚಿಕೊಂಡಿದೆ. ಸದ್ದು ಮಾಡೋಷ್ಟು ರಕ್ತ ಅದರಲ್ಲಿ ಹೋಗ್ತಿಲ್ಲ."

ಅವರು ಪರದೆ ತೋರಿಸಿ ಹೇಳುತ್ತಾ ಹೋದರು. ಎಡಗಡೆ ಮೇಲಿನ ಕೋಣೆ ಊದಿ ಊದಿ ಸೋತಿದೆ, ಹಿಂಡುವುದನ್ನು ಬಿಟ್ಟು ಬರೀ ನಡುಗುತ್ತಿದೆ. ಅದಕ್ಕೇ ನಾಡಿ ದಿಕ್ಕೆಟ್ಟಿದೆ. ಕೆಳಗಿಳಿಯದ ರಕ್ತ ಶ್ವಾಸಕೋಶದಲ್ಲಿ ನಿಂತು ನೀರು ತುಂಬಿಸಿದೆ, ಅದಕ್ಕೇ ಮಲಗಲಾಗುತ್ತಿಲ್ಲ. ಆ ಒತ್ತಡ ಬಲಗಡೆಗೂ ಹಬ್ಬಿದೆ, ಅದಕ್ಕೇ ಕಾಲು ಊದಿದೆ. ಕೊನೆಗೆ ಎಡಗಡೆ ಮೇಲಿನ ಕೋಣೆಯ ಒಂದು ಮೂಲೆಯಲ್ಲಿ ಬೆರಳಿಟ್ಟರು. ಬೂದು ಬಣ್ಣದ ಗಂಟೊಂದು ಅಲ್ಲಾಡುತ್ತಿತ್ತು.

"ನಿಂತ ರಕ್ತ ಹೆಪ್ಪುಗಟ್ಟಿದೆ. ಇದು ಇರೋವಾಗ ಬಲೂನ್ ಕಳಿಸೋ ಹಾಗಿಲ್ಲ. ತಗುಲಿದ್ರೆ ಕಿತ್ತುಕೊಂಡು ನೇರ ಮಿದುಳಿಗೆ ಹೋಗಬಹುದು. ಎದೆ ತೆರೆದೇ ಮಾಡಬೇಕು. ಆದರೆ ಶ್ವಾಸಕೋಶದ ನೀರು ಇಳಿಯೋ ತನಕ ಎದೆ ತೆರೆಯೋಕೂ ಆಗಲ್ಲ. ಇವತ್ತೇ ದಾಖಲಾಗಿ. ರಕ್ತ ತೆಳುವಾಗೋಕೆ ಔಷಧಿ ಶುರು ಮಾಡೋಣ. ಆ ಗಂಟು ಅಲ್ಲಿ ತನಕ ಕದಲದೆ ಇದ್ರೆ ಸಾಕು."

ಭಾವನ ಮುಖದ ನಗು ಎಲ್ಲಿ ಹೋಯಿತೋ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಬಾಯಿಪಾಠ ಒಪ್ಪಿಸುತ್ತಿದ್ದ ಆ ಕೋಣೆ, ಆ ಬಾಗಿಲು, ಎಲ್ಲ ಅವಳ ಎದುರಿಗೆ ನಡುಗುತ್ತಿದ್ದವು. "ಪರೀಕ್ಷೆ ಇಲ್ವಾ ಇವತ್ತು?" ಅಂತ ನನ್ನ ಕಡೆ ತಿರುಗಿ ಕೇಳಿದಳು. ನಾನು ಇಲ್ಲ ಅಂತ ತಲೆಯಾಡಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾರ್ಡಿನಲ್ಲಿ ದಿನಗಳು ಕಾಯುವುದರಲ್ಲೇ ಹೋದವು. ಔಷಧಿಗೆ ನೀರಿಳಿದು ಕಾಲು ಸಣ್ಣಗಾಯಿತು. ಉಸಿರು ಸ್ವಲ್ಪ ಹಿಡಿತಕ್ಕೆ ಬಂತು. ಆಪರೇಷನ್ನಿನ ದಿನವೂ ನಿಗದಿಯಾಯಿತು. ಅವಳು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ನಾನು ಎದ್ದು ನಿಲ್ಲುತ್ತಿದ್ದೆ. ಕೆಮ್ಮಿದರೆ ಅಯ್ಯೋ ಮೆಲ್ಲಗೆ ಅನ್ನುತ್ತಿದ್ದೆ. ಒಳಗೆ ಆ ಬೂದು ಗಂಟು ಅಲ್ಲಾಡುತ್ತಿದೆ ಅನ್ನುವುದೊಂದು ಬಿಟ್ಟು ನನಗೆ ಬೇರೇನೂ ತೋಚುತ್ತಿರಲಿಲ್ಲ.

ಆಪರೇಷನ್ನಿಗೆ ಎರಡು ದಿನ ಇರುವಾಗ ದೊಡ್ಡ ಡಾಕ್ಟರ್ ಬಂದು ಅವಳ ಪಕ್ಕ ಕೂತರು. "ಅಮ್ಮ, ಒಂದು ಕೇಳ್ತೀನಿ. ಬೇಡ ಅಂದ್ರೆ ಬೇಡ. ಹುಡುಗರನ್ನ ಕರ್ಕೊಂಡು ಬರಲಾ? ಗುಡುಗನ್ನ ಎಲ್ಲರೂ ಕೇಳಿಸ್ಕೊಂಡಿದ್ದಾರೆ. ಇದನ್ನ ಯಾರೂ ಕೇಳಿಸ್ಕೊಂಡಿಲ್ಲ."

ನಾನು ಸಿಡಿದೆ. "ಸಾಕು ಸಾರ್! ಇಷ್ಟು ವರ್ಷ ಇವಳ ಎದೆ ನಿಮ್ಮ ಪಾಠದ ಹಲಗೆ ಆಗಿತ್ತು. ನಿಮ್ಮೋರೇ ಮನೆಗೆ ಕಳಿಸಿದ್ದು. ಇನ್ನೂ ಏನು ಕೇಳಬೇಕು?"

ಡಾಕ್ಟರ್ ತಲೆ ತಗ್ಗಿಸಿದರು. ಅಕ್ಕ ನನ್ನ ಕೈ ಅದುಮಿದಳು. "ಸುಮ್ನಿರೆ. ಬರಲಿ."

ಬಂದರು. ಹಾಸಿಗೆಯ ಸುತ್ತ ಬಿಳಿ ಕೋಟುಗಳು. ಅವಳನ್ನು ವಾಪಸ್ ಕಳಿಸಿದ್ದ ಆ ಚಿಕ್ಕ ಡಾಕ್ಟರೂ ಹಿಂದುಗಡೆ ನಿಂತಿದ್ದ, ಮುಖ ಬಿಳುಚಿಕೊಂಡಿತ್ತು. ನಾನು ಅವನನ್ನು ನುಂಗುವ ಹಾಗೆ ನೋಡಿದೆ. ಒಬ್ಬೊಬ್ಬರೇ ಬಗ್ಗಿ ಕೇಳಿದರು, ಏನೂ ಸಿಗದೆ ಮುಖ ಮುಖ ನೋಡಿಕೊಂಡರು. ಕೊನೆಯಲ್ಲಿ ಒಬ್ಬ ಸಣಕಲು ಹುಡುಗಿ ಬಂದಳು. ಕಣ್ಣು ಮುಚ್ಚಿ ಕೇಳಿದಳು.

"ಏನು ಕೇಳಿಸ್ತು?" ಡಾಕ್ಟರ್ ಕೇಳಿದರು.

"ಏನೂ ಇಲ್ಲ ಸಾರ್" ಅಂದವಳು ಅಕ್ಕನ ಕೆನ್ನೆ ನೋಡಿದಳು, ಕತ್ತಿನ ನರ ನೋಡಿದಳು. "ನನಗೆ ಹೆದರಿಕೆ ಆಗ್ತಿದೆ."

ಅಕ್ಕ ಅವಳ ಕೈ ಹಿಡಿದುಕೊಂಡಳು. "ನೀನು ಪಾಸು ಕಣಮ್ಮ. ನಾನೂ ಹೆದರಬೇಕಿತ್ತು. ನನಗೆ... ಖುಷಿಯಾಗಿಬಿಡ್ತು." ಉಸಿರು ತೆಗೆದುಕೊಂಡು ಎಲ್ಲರ ಕಡೆ ನೋಡಿದಳು. "ಯಾರಾದ್ರೂ ಹೀಗೆ ನಗ್ತಾ ಬಂದು ಸದ್ದು ಹೋಯ್ತು ಅಂದ್ರೆ... ಹಾಗೇ ಮನೆಗೆ ಕಳಿಸಬೇಡಿ."

ಚಿಕ್ಕ ಡಾಕ್ಟರ್ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮಾರನೇ ಬೆಳಿಗ್ಗೆ ಅವಳು ಹಾಸಿಗೆಯಲ್ಲಿ ಒರಗಿ ಕೂತು ಟೀ ಕುಡಿಯುತ್ತಿದ್ದಳು. ಭಾವ ಕಿಟಕಿ ಹತ್ತಿರ ನಿಂತು ಏನೋ ನಗೆಮಾತು ಹೇಳುತ್ತಿದ್ದರು. ಅವಳ ಬಲಗೈಯ ಲೋಟ ವಾಲಿತು. ಚೆಲ್ಲುತ್ತೆ ಕಣೆ ಅಂದೆ. ಅವಳು ನನ್ನ ಕಡೆ ನೋಡಿದಳು. ಬಾಯಿ ಒಂದು ಕಡೆಗೆ ಜಾರಿತ್ತು. ಏನೋ ಹೇಳಲು ಹೋದಳು, ಅಷ್ಟು ಮಾತಾಡುತ್ತಿದ್ದವಳು, ಒಂದಕ್ಷರ ಹೊರಡಲಿಲ್ಲ. ಆ ಗಂಟು ಕದಲಿ ಮಿದುಳಿಗೆ ಹೋಗಿತ್ತು. ನಾನು ಕಿರುಚಿದೆ. ಎಲ್ಲರೂ ಓಡಿ ಬಂದರು. ಸಂಜೆಯ ತನಕ ಏನೇನೋ ಮಾಡಿದರು. ಸಂಜೆ ಎದೆಬಡಿತವೂ ಸೋಲತೊಡಗಿತು.

ದೊಡ್ಡ ಡಾಕ್ಟರ್ ಅವಳ ಎದೆಯ ಮೇಲೆ ಬಗ್ಗಿ ಕೇಳುತ್ತಿದ್ದರು. ಭಾವ ಹಾಸಿಗೆಯ ಕಂಬಿ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದರು.

"ಸಾರ್, ಸದ್ದು ಬರ್ತಿದೆಯಾ? ಗುಡುಗಾದ್ರೂ ಸರಿ ಸಾರ್. ಏನಾದ್ರೂ ಸದ್ದು ಬರ್ತಿದೆಯಾ ನೋಡಿ."

ಡಾಕ್ಟರ್ ತಲೆ ಎತ್ತಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ಭಾವನ ಹೆಗಲ ಮೇಲೆ ಕೈಯಿಟ್ಟರು.